ಉಷ್ಣ ಅಂದ ಬಾಯಿ

ನಾನು ಹನೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮನೆ ಕೊಳ್ಳೇಗಾಲ, ತವರು ಬಂಡಳ್ಳಿ, ಗಂಡನ ಊರು ಯಳಂದೂರು. ಈ ನಾಲ್ಕು ಕಡೆಯೂ ನನಗೆ ಎರಡು ಹೆಸರಿವೆ: ಬಾಯಿ ಜೋರಿನವಳು, ಓದಿಕೊಂಡವಳು. ಬಾಯಿ ಜೋರಿನಿಂದ ನಾನು ಯಾರಿಗೂ ಹೇಳಿಕೊಳ್ಳುವಂಥ ಕೇಡು ಮಾಡಿಲ್ಲ. ಓದಿಕೊಂಡವಳು ಅನ್ನುವ ಹೆಸರಿನಿಂದ ಮಾಡಿದ್ದೇನೆ, ಅದೂ ಒಡಹುಟ್ಟಿದ ತಮ್ಮನ ಮಗಳ ಕಣ್ಣಿಗೆ. ಇದನ್ನು ಬರೆಯಲು ಕೂತಾಗಲೆಲ್ಲ ಕೈ ಬೇರೆ ಏನೇನೋ ಬರೆದು ಹೊತ್ತು ಕಳೆಯುತ್ತಿತ್ತು. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಪ್ರತಿ ವರ್ಷ ಹತ್ತನೇ ತರಗತಿಗೆ ಕಣ್ಣಿನ ಪಾಠ ನಾನೇ ಮಾಡುವುದು. ಬೋರ್ಡಿನ ಮೇಲೆ ಕಣ್ಣುಗುಡ್ಡೆಯ ಚಿತ್ರ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂತ ನನ್ನ ಜಂಬ. ಸಮೀಪ ದೃಷ್ಟಿ ಅಂದರೆ ಹತ್ತಿರದ್ದು ಕಾಣುತ್ತೆ, ದೂರದ್ದು ಮಂಜು. ಕಣ್ಣುಗುಡ್ಡೆ ಇರಬೇಕಾದ್ದಕ್ಕಿಂತ ಉದ್ದ ಬೆಳೆದಿರುತ್ತೆ, ಹಾಗಾಗಿ ಬೆಳಕು ಹಿಂದಿನ ಪರದೆ ತಲುಪುವ ಮುಂಚೆಯೇ ಒಂದುಗೂಡಿಬಿಡುತ್ತೆ. ಅದಕ್ಕೆ ನಿಮ್ನ ಮಸೂರ. "ಸಮೀಪಕ್ಕೆ ನಿಮ್ನ, ದೂರಕ್ಕೆ ಪೀನ" ಅಂತ ಇಡೀ ಕ್ಲಾಸಿನ ಕೈಯಲ್ಲಿ ರಾಗವಾಗಿ ಹೇಳಿಸುತ್ತೇನೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಿಟ್ಟು ಬಂದ ಮಕ್ಕಳಿಗೆ ನನ್ನಿಂದ ಮಂಗಳಾರತಿ ತಪ್ಪಿದ್ದಲ್ಲ.

ಇಷ್ಟು ಗೊತ್ತಿದ್ದವಳಿಗೆ ಸ್ವಂತ ಮಗಳದ್ದು ಗೊತ್ತಾಗಲಿಲ್ಲ. ಅವಳು ಆಗ ಮೂರನೇ ಕ್ಲಾಸು. ಟಿ.ವಿ. ಮುಂದೆ ಹೋಗಿ ಅಂಟಿಕೊಂಡು ಕೂತರೆ "ಹಿಂದಕ್ಕೆ ಬಾರೇ, ಒಳಗೇ ನುಗ್ಗಿಬಿಡ್ತೀಯಾ" ಅಂತ ಗದರುತ್ತಿದ್ದೆ, ಅಷ್ಟೆ. ಒಂದು ಭಾನುವಾರ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಯಳಂದೂರಿನ ಬಸ್ಸಿಗೆ ಕಾಯುತ್ತಿದ್ದೆವು. "ಅದು ಯಾವ ಬಸ್ಸು ನೋಡೇ" ಅಂದೆ. "ಇರಮ್ಮ, ಇನ್ನೂ ಹತ್ರ ಬಂದಿಲ್ಲ" ಅಂದಳು. ಬಸ್ಸು ಬಂದು ಮುಂದೆಯೇ ನಿಂತಿತ್ತು, ಅಬ್ಬಬ್ಬಾ ಅಂದರೆ ಇಪ್ಪತ್ತು ಹೆಜ್ಜೆ. "ಇಲ್ಲಿಂದಲೇ ಓದು" ಅಂದರೆ ನನ್ನ ಮುಖ ನೋಡಿ, "ಬೋರ್ಡ್ ಓದೋದು ಹತ್ರ ಬಂದ್ಮೇಲೆ ತಾನೇ?" ಅಂದಳು. ಎಲ್ಲರೂ ಹಾಗೇ ಓದುವುದು ಅಂತ ಅವಳು ಅಂದುಕೊಂಡಿದ್ದಳು. ಆವತ್ತು ಯಳಂದೂರಿಗೆ ಹೋಗಲಿಲ್ಲ. ಮನೆಗೆ ವಾಪಸ್ಸು ಬಂದು ಅಡುಗೆಮನೆಯಲ್ಲಿ ನಿಂತು ಅತ್ತೆ.

ಮೈಸೂರಿನ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗಳ ಎರಡು ಕಣ್ಣನ್ನೂ ಅಳೆದು ನೋಡಿದರು. ಸಮಾಧಾನದ ಹೆಂಗಸು, ಮಾತು ಬಿಡಿಸಿ ಹೇಳುತ್ತಿದ್ದರು. "ನಂಬರ್ ಬಂದಿದೆ, ಕನ್ನಡಕ ಬೇಕು. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಈ ವಯಸ್ಸಿನಲ್ಲಿ ಕಣ್ಣು ಬೇಗ ಬೇಗ ಉದ್ದ ಆಗುತ್ತೆ. ಹದಿನೆಂಟು ಇಪ್ಪತ್ತರ ತನಕ ಆಗ್ತಾನೇ ಇರಬಹುದು. ತುಂಬಾ ಉದ್ದ ಆದ್ರೆ ಒಳಗಿನ ಪರದೆ ತೆಳ್ಳಗಾಗಿ ಮುಂದೆ ದೊಡ್ಡವಳಾದಾಗ ಅಪಾಯ. ವಾಸಿ ಮಾಡೋಕೆ ಆಗಲ್ಲ, ನಿಧಾನ ಮಾಡಬಹುದು."

ನಿಧಾನ ಮಾಡುವುದಕ್ಕೆ ಇರುವ ದಾರಿಗಳನ್ನೂ ಅವರೇ ಹೇಳಿದರು. ಒಂದು, ಕಡಿಮೆ ಶಕ್ತಿಯ ಡ್ರಾಪ್ಸ್. ದಿನಾ ಮಲಗುವ ಹೊತ್ತಿಗೆ ಒಂದೊಂದು ಹನಿ, ವರ್ಷಗಟ್ಟಲೆ. ಕೆಲವರಿಗೆ ಬಿಸಿಲಿಗೆ ಕಣ್ಣು ಚುಚ್ಚುತ್ತೆ, ಮತ್ತೆ ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ಇನ್ನೊಂದು, ಗಾಜಿನ ಸುತ್ತ ಸಣ್ಣ ಸಣ್ಣ ಚುಕ್ಕೆಗಳಂಥ ಮಸೂರಗಳಿರುವ ವಿಶೇಷ ಕನ್ನಡಕ. ಎದ್ದಾಗಿನಿಂದ ಮಲಗುವ ತನಕ ಮೂಗಿನ ಮೇಲೇ ಇರಬೇಕು. ರಾತ್ರಿ ಹಾಕಿಕೊಂಡು ಮಲಗುವ ಗಟ್ಟಿ ಲೆನ್ಸ್ ಕೂಡ ಇದೆ, ಬೆಳಿಗ್ಗೆ ತೆಗೆದರೆ ಹಗಲೆಲ್ಲ ಕನ್ನಡಕವಿಲ್ಲದೆ ಕಾಣುತ್ತೆ, ಆದರೆ ಕೈ ಚೊಕ್ಕಟವಿಲ್ಲದಿದ್ದರೆ ಕಣ್ಣಿಗೆ ಸೋಂಕು. ಇವುಗಳಲ್ಲಿ ಎರಡನ್ನು ಜೊತೆಗೂ ಕೊಡಬಹುದು. ಏನೇ ಕೊಟ್ಟರೂ ದಿನಕ್ಕೆ ಎರಡು ಗಂಟೆ ಮಗು ಹೊರಗೆ ಬೆಳಕಿನಲ್ಲಿ ಆಡಬೇಕು. ನಾನು "ದೊಡ್ಡವಳಾದ ಮೇಲೆ ಲೇಸರ್ ಮಾಡಿಸಿದರೆ?" ಅಂದೆ. "ಲೇಸರ್ ಕನ್ನಡಕ ತೆಗೆಯುತ್ತೆ. ಉದ್ದ ಆದ ಕಣ್ಣನ್ನ ಗಿಡ್ಡ ಮಾಡಲ್ಲ" ಅಂದರು. ಯೋಚನೆ ಮಾಡಿ ಬನ್ನಿ ಅಂತ ಕಳಿಸಿದರು.

ನಾನು ವಿಜ್ಞಾನದವಳಲ್ಲವೇ, ಮನೆಗೆ ಬಂದು ಪಾಠಟಿಪ್ಪಣಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಸ್ಕೇಲು ಇಟ್ಟು ಗೆರೆ ಎಳೆದು ಕೋಷ್ಟಕ ಮಾಡಿದೆ. ಎಡಕ್ಕೆ ಡ್ರಾಪ್ಸ್, ಕನ್ನಡಕ, ಲೆನ್ಸ್. ಮೇಲೆ ಎಷ್ಟು ನಿಧಾನವಾಗುತ್ತೆ, ಏನು ತೊಂದರೆ, ಎಷ್ಟು ವರ್ಷ ಅಂತ. ಕೊನೆಯ ಅಂಕಣಕ್ಕೆ ಹೆಸರು ಬರೆಯಲಿಲ್ಲ, ಆದರೆ ತುಂಬಿಸಿದೆ. ವಿಶೇಷ ಕನ್ನಡಕದ ಮುಂದೆ "ಹೌದು" ಅಂತ ಬರೆದೆ. ಡ್ರಾಪ್ಸ್ ಮುಂದೆ "ಇಲ್ಲ". ಲೆನ್ಸ್ ಮುಂದೆ "ಇಲ್ಲವೇ ಇಲ್ಲ". ಆ ಅಂಕಣದ ಪ್ರಶ್ನೆ, ನೋಡಿದವರಿಗೆ ಗೊತ್ತಾಗುತ್ತದೆಯೇ ಅನ್ನುವುದು. ಥೂ ನನ್ನ ಜನ್ಮಕ್ಕೆ. ಮಗುವಿಗೆ ಎಷ್ಟು ಕಾಣುತ್ತೆ ಅಂತ ಅಳೆಯಬೇಕಾದವಳು ಜನಕ್ಕೆ ಎಷ್ಟು ಕಾಣುತ್ತೆ ಅಂತ ಅಳೆದೆ.

ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಮರ್ಯಾದಸ್ಥ ಉತ್ತರವಿಲ್ಲ. ನನ್ನ ತಮ್ಮನಿಗೆ ಹೆಣ್ಣು ನೋಡುವಾಗ ಮುಳ್ಳೂರಿನ ಒಂದು ಹುಡುಗಿಯನ್ನು ನೋಡಿದ್ದೆವು. ನನಗಿಂತ ಹೆಚ್ಚು ಓದಿದ್ದಳು, ಮಾತು ಚೆನ್ನಾಗಿತ್ತು. ದಪ್ಪ ಕನ್ನಡಕ ಹಾಕಿದ್ದಳು. ಆಚೆ ಬಂದು ಕಾರು ಹತ್ತುವ ಮುಂಚೆಯೇ "ಸೋಡಾ ಗ್ಲಾಸು ಕಣಪ್ಪ, ಬೇಡ, ನಾಳೆ ಮಕ್ಕಳಿಗೂ ಬರುತ್ತೆ" ಅಂತ ಹೇಳಿದವಳು ನಾನು. ಬೇರೆ ಯಾರೂ ಅಲ್ಲ. ತಮ್ಮ ಸುಮ್ಮನಿದ್ದ, ಅಪ್ಪ ಅಮ್ಮ ನನ್ನ ಮಾತೇ ಮಾತು ಅಂದರು. ಕೊನೆಗೆ ಯಾವ ನಂಬರೂ ಇಲ್ಲದ, ನಕ್ಷತ್ರದಂಥ ಕಣ್ಣಿನ ಹುಡುಗಿಯನ್ನು ತಂದೆವು. ಅವಳೇ ನನ್ನ ತಮ್ಮನ ಹೆಂಡತಿ. ಇಂಥ ಬಾಯಿಟ್ಟುಕೊಂಡು ಈಗ ನನ್ನ ಮಗಳಿಗೇ ನಂಬರು ಬಂದಿದೆ ಅಂತ ಹೇಗೆ ಹೇಳಲಿ? ಯಳಂದೂರಿನಲ್ಲಿ ಗಂಡನ ತಾಯಿ ಬೇರೆ, ಮಗಳು ಹುಟ್ಟಿದಾಗಿನಿಂದ "ಕಣ್ಣು ನಮ್ಮ ಮನೆ ಕಡೇದು" ಅಂತ ಬೀಗುತ್ತಿದ್ದರು.

ಲೆನ್ಸ್ ಈಗಲೇ ಬೇಡ ಅಂದರು ಡಾಕ್ಟರು. ಡ್ರಾಪ್ಸ್ ಹಿಡಿದೆ. ಮಾಮೂಲಿ ಕನ್ನಡಕ ಹೇಗೂ ಬೇಕೇ ಬೇಕಿತ್ತು, ಅದನ್ನಾದರೆ ಬೇಕಾದಾಗ ತೆಗೆಸಬಹುದು. ಅದು ಕೊಳ್ಳೇಗಾಲದಲ್ಲಿ, ಶಾಲೆಯಲ್ಲಿ, ಮನೆಯಲ್ಲಿ. ಯಳಂದೂರಿಗೋ ಬಂಡಳ್ಳಿಗೋ ಹೊರಟರೆ ಬಸ್ಸು ಊರು ಮುಟ್ಟುವ ಮೊದಲೇ ನಾನು ಕೈ ಚಾಚುತ್ತಿದ್ದೆ, ಮಗಳು ಕನ್ನಡಕ ತೆಗೆದು ಕೊಡುತ್ತಿದ್ದಳು, ಡಬ್ಬಿ ನನ್ನ ಬ್ಯಾಗಿನ ತಳಕ್ಕೆ. ಎರಡು ಸಲ ಯಾಕಮ್ಮ ಅಂತ ಕೇಳಿದಳು. ಮೂರನೇ ಸಲದಿಂದ ಕೇಳಲಿಲ್ಲ, ನಾನು ಕೈ ಚಾಚುವ ಮುಂಚೆಯೇ ತೆಗೆದಿರುತ್ತಿದ್ದಳು.

ಆ ವರ್ಷ ಬೇಸಿಗೆ ರಜಕ್ಕೆ ಬಂಡಳ್ಳಿಗೆ ಹೋದೆವು. ತಮ್ಮನ ಮಗಳು ನನ್ನವಳಿಗಿಂತ ಒಂದು ವರ್ಷ ಚಿಕ್ಕವಳು. ಇಬ್ಬರೂ ಜೋಡಿ ಎತ್ತಿನ ಹಾಗೆ, ಒಂದು ಹೋದಲ್ಲಿ ಇನ್ನೊಂದು. ಮೂರನೇ ದಿನವೋ ಏನೋ, ತಮ್ಮನ ಹೆಂಡತಿ ಫ್ರಿಜ್ಜಿನಿಂದ ಮೊಸರು ತೆಗೆಯುವಾಗ ಡ್ರಾಪ್ಸ್ ಬಾಟ್ಲಿ ಕೈಗೆ ಸಿಕ್ಕಿತು.

"ಏನಕ್ಕ ಇದು, ಯಾರ್ಗ?" ಅಂದಳು.

"ನನ್ನ ಮಗಳ್ಗೆ ಕಣವ್ವ."

"ಅಯ್ಯೋ, ಏನಾಗದ ಕಣ್ಗ?"

ಒಂದು ಗಳಿಗೆ ಸಾಕಾಗಿತ್ತು ನಿಜ ಹೇಳುವುದಕ್ಕೆ. ನನ್ನ ಬಾಯಲ್ಲಿ ಬಂದದ್ದು, "ಏನಿಲ್ಲ, ಉಷ್ಣ."

ನಮ್ಮ ಕಡೆ ಉಷ್ಣ ಅಂದರೆ ಮುಗಿಯಿತು. ಬಾಯಿ ಹುಣ್ಣು ಉಷ್ಣ, ಕೂದಲು ಉದುರಿದರೆ ಉಷ್ಣ, ಕಣ್ಣು ಕೆಂಪಾದರೂ ಉಷ್ಣ. ಅದರ ಮೇಲೆ ಯಾರೂ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ. ಅದು ಗೊತ್ತಿದ್ದೇ ಆ ಮಾತು ಆರಿಸಿದೆ. ಆದರೆ ತಮ್ಮನ ಹೆಂಡತಿ ಬಾಟ್ಲಿ ಕೈಯಲ್ಲೇ ಹಿಡಿದುಕೊಂಡು ಹತ್ತಿರ ಬಂದು ಕೂತಳು.

"ಅಕ್ಕ, ನಮ್ಮವಳೂ ಕಣ್ಣ ಇಷ್ಟೇ ಇಷ್ಟು ಮಾಡ್ಕಂಡು ನೋಡ್ತಾಳೆ. ದೂರದ್ದು ಕಾಣಲ್ಲ ಕಣವ್ವಾ ಅಂತಾಳೆ. ಅದೂ ಉಷ್ಣವೇ ಇರ್ಬೋದಾ? ಡಾಕ್ಟ್ರ ತಾವ್ಕ ಓಗ್ಬೇಕಾ? ನೀವು ಓದ್ದೋರು, ಏಳಿ."

ಹುಡುಗಿ ಅಂಗಳದಲ್ಲಿ ನಿಂತು ಬೀದಿ ಕಡೆ ನೋಡುತ್ತಿದ್ದಳು. ಕಣ್ಣು ಕಿರಿದು ಮಾಡಿ, ಕತ್ತು ಸ್ವಲ್ಪ ಮುಂದೆ ಚಾಚಿ. ನನಗೆ ನೋಡಿದ ತಕ್ಷಣ ಗೊತ್ತಾಯಿತು. ಗೊತ್ತಾಯಿತು ಅನ್ನುವುದನ್ನು ನಾನು ಒತ್ತಿ ಬರೆಯುತ್ತಿದ್ದೇನೆ, ಯಾಕೆಂದರೆ ಆಮೇಲೆ ನನಗೇ ನಾನು ಎಷ್ಟೋ ಸಲ ಗೊತ್ತಿರಲಿಲ್ಲ ಅಂತ ಹೇಳಿಕೊಂಡಿದ್ದೇನೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಅಂದರೆ ಯಾವ ಡಾಕ್ಟರು ಅನ್ನುತ್ತಾಳೆ. ಮೈಸೂರಿನವರು ಅಂದರೆ ನಿಮಗೆ ಹೇಗೆ ಗೊತ್ತು ಅನ್ನುತ್ತಾಳೆ. ಅಲ್ಲಿಗೆ ನನ್ನ ಮಗಳ ಗುಟ್ಟು ರಟ್ಟು.

"ಉಷ್ಣವೇ ಇರ್ಬೇಕು ಕಣವ್ವ" ಅಂದೆ. "ಈ ಡ್ರಾಪ್ಸೆಲ್ಲ ಬೇಡ ಅವಳ್ಗೆ. ತಲೆಗೆ ಅರಳೆಣ್ಣೆ ಒತ್ತು. ಬೆಳಿಗ್ಗೆ ಎದ್ದು ನಂದಿಬಟ್ಟಲು ಹೂವ ಕಣ್ಣ ಮೇಲೆ ಇಡು, ತಣ್ಣಗಾಯ್ತದೆ."

ಪಾಪದ ಹೆಣ್ಣು, ಎಷ್ಟು ಸಮಾಧಾನಪಟ್ಟುಕೊಂಡಳು ಅಂದರೆ! "ನಾನೇನೋ ದೊಡ್ಡದು ಅನ್ಕಂಡು ಎದುರ್ಕಂಡಿದ್ದೆ ಕಣಕ್ಕ" ಅಂದು ಎದ್ದು ಹೋಗಿ ನಮಗೆಲ್ಲ ಮಜ್ಜಿಗೆ ಕಡೆದು ತಂದಳು. ನಾನು ಕುಡಿದೆ. ಮುಂದಿನ ವಾರ ಫೋನಿನಲ್ಲಿ ಏನಾದರೂ ನೆಪ ಮಾಡಿ, ಒಂದು ಸಲ ತೋರಿಸಿಬಿಡು ಅಂತ ಹೇಳಿದರಾಯಿತು ಅಂದುಕೊಂಡೆ. ಮುಂದಿನ ವಾರ ಅನ್ನುವುದು ಎರಡು ವರ್ಷವಾಯಿತು.

ಆ ಎರಡು ವರ್ಷ ಅವಳು ವಾರಕ್ಕೊಂದು ಸಲ ಫೋನು ಮಾಡುತ್ತಿದ್ದಳು. ಮಳೆ, ದನ, ಅಪ್ಪನ ಮಂಡಿನೋವು ಎಲ್ಲ ಆದ ಮೇಲೆ "ಹೂವ ತಪ್ದೇ ಇಡ್ತಾ ಇವ್ನಿ ಕಣಕ್ಕ" ಅನ್ನುತ್ತಿದ್ದಳು. ನಾನು "ಒಳ್ಳೇದು" ಅನ್ನುತ್ತಿದ್ದೆ. ಬೇರೆ ಏನೂ ಹೇಳದೆ ಬರೀ ಒಳ್ಳೇದು ಅಂದು ಫೋನು ಇಟ್ಟು, ಮಗಳ ಕಣ್ಣಿಗೆ ಹನಿ ಹಾಕುತ್ತಿದ್ದೆ. ಆರು ತಿಂಗಳಿಗೊಮ್ಮೆ ಮೈಸೂರು. ಮಗಳ ನಂಬರು ಏರುತ್ತಿತ್ತು, ಆದರೆ ಬಹಳ ನಿಧಾನ. ಡಾಕ್ಟರಮ್ಮ ಹಳೇ ಅಳತೆ ಹೊಸ ಅಳತೆ ಪಕ್ಕ ಪಕ್ಕ ಇಟ್ಟು ತೋರಿಸಿ "ಇಷ್ಟಿದ್ರೆ ಸಾಕು, ಡ್ರಾಪ್ಸ್ ಚೆನ್ನಾಗಿ ಕೆಲಸ ಮಾಡ್ತಿದೆ" ಅಂತ ನಗುತ್ತಿದ್ದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ಸಂತೋಷವೂ ಆಗುತ್ತಿತ್ತು, ಆ ಸಂತೋಷದ ಮೇಲೆ ಅಸಹ್ಯವೂ ಆಗುತ್ತಿತ್ತು. ಅಸಹ್ಯವಾದರೂ ಬಾಯಿ ಬಿಡಲಿಲ್ಲ ಅನ್ನುವುದು ಸತ್ಯ.

ಹೋದ ವರ್ಷ ಕಣ್ಣಿನ ಪಾಠ ಮತ್ತೆ ಬಂತು. ಚಿತ್ರ ಬರೆದೆ, ಬಾಣಗಳನ್ನೆಲ್ಲ ಬಣ್ಣದ ಸೀಮೆಸುಣ್ಣದಲ್ಲಿ ಎಳೆದೆ. ನಡುವಿನ ಬೆಂಚಿನಿಂದ ಒಂದು ಹುಡುಗಿ ಎದ್ದು ನಿಂತು, "ಮಿಸ್, ಉಷ್ಣಕ್ಕೂ ದೂರದ್ದು ಮಂಜಾಗುತ್ತಾ?" ಅಂದಳು. ನನಗೆ ಎಲ್ಲಿತ್ತೋ ಕೋಪ! ಹತ್ತನೇ ಕ್ಲಾಸಿಗೆ ಬಂದು ಇಂಥ ಪ್ರಶ್ನೆ ಕೇಳಲು ನಾಚಿಕೆಯಾಗಲ್ಲವಾ, ನಾನು ಇಷ್ಟು ಹೊತ್ತು ಬಡಕೊಂಡದ್ದೇನು, ಇದಕ್ಕೇ ಮೂಢನಂಬಿಕೆ ಅನ್ನೋದು ಅಂತ ಹಾರಾಡಿದೆ. ಹುಡುಗಿ ತಲೆ ತಗ್ಗಿಸಿ ನಿಂತು, ಮೆಲ್ಲಗೆ, ಆದರೆ ಬಿಡದೆ ಹೇಳಿದಳು.

"ಅಲ್ಲ ಮಿಸ್, ನಮ್ಮೂರ್ನಲ್ಲಿ ಎಲ್ಲಾರೂ ಅಂಗೇ ಏಳ್ತಾರೆ. ನನ್ ತಮ್ಮನ್ಗೂ ಹೂವ ಇಡ್ತಾರೆ. ಯಾರೋ ಟೀಚರೇ ಏಳವ್ರಂತೆ ಮಿಸ್."

"ಯಾವೂರೇ ನಿಂದು?"

"ಬಂಡಳ್ಳಿ ಮಿಸ್."

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಮೇಜಿನ ಮೇಲಿಟ್ಟೆ. "ಕೂತ್ಕೋ" ಅಂದೆ. ಉಳಿದ ಪಾಠವನ್ನು ಪುಸ್ತಕ ನೋಡಿಕೊಂಡು ಓದಿ ಮುಗಿಸಿದೆ. ಆ ಹುಡುಗಿಯನ್ನು ಮತ್ತೆ ಕರೆದು, ತಪ್ಪು ನಿಂದಲ್ಲ ಅಂತ ಹೇಳಲು ನನಗೆ ಹತ್ತು ದಿನ ಬೇಕಾಯಿತು.

ಆ ಶನಿವಾರ ಬೆಳಗಿನ ಶಾಲೆ ಮುಗಿದದ್ದೇ ಬಂಡಳ್ಳಿ ಬಸ್ಸು ಹತ್ತಿದೆ. ತಮ್ಮನ ಮಗಳು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಎದುರು ಮನೆ ಗೋಡೆಯ ಮೇಲೆ ಸಿಮೆಂಟಿನ ಜಾಹೀರಾತು ಬರೆದಿತ್ತು, ಆಳೆತ್ತರದ ಅಕ್ಷರ. "ಓದೇ ಅದನ್ನ" ಅಂದೆ. ತಡವಿಲ್ಲದೆ ಓದಿಬಿಟ್ಟಳು. ನನಗೆ ಹೋದ ಜೀವ ಬಂದಂತಾಯಿತು. "ಕಾಣುತ್ತಲ್ಲೇ!" ಅಂದೆ. "ಇಲ್ಲ ಅತ್ತೆ, ಅದು ಬಾಯ್ಪಾಠ" ಅಂದಳು. ಪಕ್ಕದಲ್ಲಿ ಹೊಸದಾಗಿ ಅಂಟಿಸಿದ್ದ ಪೋಸ್ಟರು ತೋರಿಸಿದೆ. ಬಿಳೀದು ಅಂತ ಮಾತ್ರ ಹೇಳಿದಳು. ಅದರಲ್ಲಿ ಅಕ್ಷರ ಇದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

ತಮ್ಮನ ಹೆಂಡತಿಗೆ "ಒಂದ್ಸಲ ಡಾಕ್ಟರಿಗೆ ತೋರಿಸಿಬಿಡೋಣ" ಅಂದೆ. ಯಾಕೆ ಏನು ಅಂತ ಕೇಳದೆ ಸೀರೆ ಬದಲಾಯಿಸಲು ಒಳಗೆ ಹೋಗುತ್ತಿದ್ದವಳನ್ನು "ಇವತ್ತಲ್ಲ ಕಣವ್ವ, ಸೋಮವಾರ" ಅಂತ ನಿಲ್ಲಿಸಿದೆ. ನನ್ನ ಮಾತಿನ ಮೇಲೆ ಅಷ್ಟು ನಂಬಿಕೆ ಅವಳಿಗೆ.

ಸೋಮವಾರ ಮೈಸೂರಿಗೆ ಮೂವರೇ ಹೋದೆವು, ನಾನು, ಅವಳು, ಹುಡುಗಿ. ಅದೇ ಡಾಕ್ಟರಮ್ಮ. ಹುಡುಗಿಯ ನಂಬರು ನನ್ನ ಮಗಳದಕ್ಕಿಂತ ಎರಡರಷ್ಟಿತ್ತು. ಕಣ್ಣಿನ ಉದ್ದ ಅಳೆದು, ಸುಮ್ಮನೆ ಒಂದು ಸಲ ನನ್ನ ಕಡೆ ನೋಡಿದರು. ಆಮೇಲೆ "ಇದುವರೆಗೆ ಯಾರಿಗೂ ತೋರಿಸಿಲ್ವಾ?" ಅಂತ ತಾಯಿಯನ್ನು ಕೇಳಿದರು.

"ಸ್ಕೂಲ್ಗ ಬಂದಿದ್ರು ಮೇಡಮ್, ಕಣ್ಣು ನೋಡೋರು. ಡಾಕ್ಟ್ರಿಗ ತೋರ್ಸಿ ಅಂತ ಚೀಟಿ ಬರ್ಕೊಟ್ಟಿದ್ರು. ನಾನೇ ಬುಡಿ ಅಂದೆ. ನಮ್ಮಕ್ಕ ಟೀಚರು, ಅವ್ರು ನೋಡವ್ರೆ, ಉಷ್ಣ ಅಂತ ಏಳವ್ರೆ, ನೀವೇನು ಅವ್ರಿಗಿಂತ ಎಚ್ಚಾ ಅಂದ್ಬುಟ್ಟೆ."

ಹೆಮ್ಮೆಯಿಂದಲೇ ಹೇಳಿದಳು ಅದನ್ನು. ಆ ಕೋಣೆಯಲ್ಲಿ ನನಗೆ ಎಲ್ಲಿ ನೋಡಬೇಕೋ ಗೊತ್ತಾಗಲಿಲ್ಲ. ಗೋಡೆಯ ಮೇಲಿನ ಅಕ್ಷರಗಳ ಪಟ್ಟಿ ನೋಡುತ್ತಾ ಕೂತೆ. ಭೂಮಿ ಬಾಯಿ ಬಿಡಬಾರದಾ ಅನ್ನುತ್ತಾರಲ್ಲ, ನಾನು ಅದನ್ನೇ ಬೇಡಿಕೊಂಡೆ.

"ಮೊದ್ಲೇ ಬಂದಿದ್ರೆ?" ಅಂತ ತಮ್ಮನ ಹೆಂಡತಿ ಕೇಳಿದಳು.

"ಇಷ್ಟು ಆಗ್ತಿರಲಿಲ್ಲ ಅಂತ ಅಂದ್ಕೋಬಹುದು. ಆಗಿದ್ದು ವಾಪಸ್ ಬರಲ್ಲಮ್ಮ. ಇನ್ಮೇಲೆ ನಿಧಾನ ಮಾಡೋಣ" ಅಂದರು ಡಾಕ್ಟರು. ಮತ್ತೆ ಅದೇ ದಾರಿಗಳನ್ನೆಲ್ಲ ಬಿಡಿಸಿ ಹೇಳಿದರು. ತಮ್ಮನ ಹೆಂಡತಿ ಕೈ ಕಟ್ಟಿಕೊಂಡು ಕೇಳಿ, ಒಂದೇ ಮಾತು ಕೇಳಿದಳು. "ಇದ್ರಲ್ಲಿ ಯಾವುದು ಎಚ್ಚು ತಡಿತದೆ ಮೇಡಮ್? ಅದ್ನೇ ಕೊಡಿ."

ಏಳನೇ ಕ್ಲಾಸು ಓದಿದವಳು ಅವಳು. ಕೋಷ್ಟಕ ಗೀಷ್ಟಕ ಏನೂ ಹಾಕಲಿಲ್ಲ. ನಾನು ಎರಡು ವರ್ಷದ ಹಿಂದೆ ಅದೇ ಕುರ್ಚಿಯಲ್ಲಿ ಕೂತು ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದಳು. ಡಾಕ್ಟರು, ಇವಳಿಗೆ ಎರಡೂ ಕೊಡೋಣ, ಡ್ರಾಪ್ಸೂ ಹಾಕಿ, ಚುಕ್ಕೆ ಮಸೂರದ ಕನ್ನಡಕವೂ ಹಾಕಲಿ ಅಂದರು.

ಹೊರಗೆ ಹುಡುಗಿ ಕನ್ನಡಕದ ಫ್ರೇಮುಗಳನ್ನು ನೋಡುತ್ತಾ ನಿಂತಿದ್ದಳು. ನಾನು ಬೆಂಚಿನ ಮೇಲೆ ತಮ್ಮನ ಹೆಂಡತಿಯ ಪಕ್ಕ ಕೂತು ಹೇಳಿಬಿಟ್ಟೆ. ನನ್ನ ಮಗಳಿಗೂ ಇದೇ. ಆ ಡ್ರಾಪ್ಸು ಇದಕ್ಕೇ. ಉಷ್ಣ ಅಂದದ್ದು ಸುಳ್ಳು. ನಿನ್ನ ಮಗಳದ್ದೂ ಅವತ್ತೇ ಗೊತ್ತಾಗಿತ್ತು. ನನ್ನ ಮಗಳದ್ದು ಮುಚ್ಚಿಡಬೇಕಿತ್ತು, ಅದಕ್ಕೇ. ಕಾಲು ಮುಟ್ಟಲು ಹೋದೆ, ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

ಬೈದಿದ್ದರೆ ಚೆನ್ನಾಗಿತ್ತು, ನನಗೆ ಬೈಗುಳ ತಿಂದೂ ಗೊತ್ತು ಕೊಟ್ಟೂ ಗೊತ್ತು. ಮಗಳು ನಿಂತಿದ್ದ ಕಡೆ ನೋಡಿಕೊಂಡು "ನಂಗ್ಯಾಕೆ ಏಳ್ತೀರಿ?" ಅಂದಳು. "ಕಣ್ಣು ನಂದಲ್ಲ. ಅವಳ್ಗ ಏಳಿ." ಅಕ್ಕ ಅನ್ನಲಿಲ್ಲ. ಹದಿಮೂರು ವರ್ಷದಲ್ಲಿ ಅಕ್ಕ ಅನ್ನದೆ ಅವಳು ನನ್ನ ಜೊತೆ ಆಡಿದ ಮೊದಲನೇ ಮಾತು ಅದು.

ಒಂಬತ್ತು ವರ್ಷದ ಮಗುವಿಗೆ ಏನಂತ ಹೇಳುವುದು? ನಾನು ಮುಂದೂಡಿದೆ. ಮೊದಲು ಸುಲಭದ್ದು ಮಾಡಿದೆ, ಸುಲಭದ್ದು ಅಂದರೆ ಊರ ಮುಂದೆ ಹೇಳುವುದು. ಸಂಜೆ ಹಾಲು ಅಳೆಯುವ ಹೊತ್ತಿಗೆ ಬಂಡಳ್ಳಿಯ ಡೈರಿ ಮುಂದೆ ಹೆಂಗಸರೆಲ್ಲ ಕ್ಯಾನು ಹಿಡಿದು ನಿಂತಿರುತ್ತಾರೆ. ಹೋಗಿ ನಿಂತೆ. ಉಷ್ಣ ಅಂತ ಹೇಳಿದ ಟೀಚರು ನಾನೇ, ಅದು ಸುಳ್ಳು, ದೂರದ್ದು ಕಾಣದ ಮಕ್ಕಳನ್ನು ಡಾಕ್ಟರಿಗೆ ತೋರಿಸಿ ಅಂದೆ. ಒಬ್ಬಾಕೆ "ಹೂವ ಇಟ್ಟದ್ದು ತಪ್ಪಾ ಅಂಗಾರೆ?" ಅಂದಳು. ಹೂವಿನಿಂದ ಏನೂ ಆಗಲ್ಲ, ಹೂವಿಟ್ಟುಕೊಂಡು ಸುಮ್ಮನಿದ್ದದ್ದು ತಪ್ಪು, ಅದೂ ನನ್ನದು ಅಂದೆ. ಹಿಂದಿನಿಂದ ಇನ್ನೊಬ್ಬಳು, "ಸಂಬ್ಳ ತಕಂಡು ಮಕ್ಕಳ್ಗ ಇದ್ನೇ ಏಳ್ಕೊಡೋದಾ ತಾಯಿ?" ಅಂದಳು. ಯಾರೋ ನಕ್ಕರು. ನಾನು ನಿಂತೇ ಇದ್ದೆ. ನಾಲ್ಕು ತಾಯಂದಿರು ಬಂದು ಆಸ್ಪತ್ರೆಯ ವಿಳಾಸ ಬರೆಸಿಕೊಂಡು ಹೋದರು. ಅದರಲ್ಲಿ ನನ್ನ ಕ್ಲಾಸಿನ ಹುಡುಗಿಯ ತಾಯಿಯೂ ಇದ್ದಳು.

ಯಳಂದೂರಿನಲ್ಲೂ ಹೇಳಿದೆ. ಗಂಡನ ತಾಯಿ ಕನ್ನಡಕ ಹಾಕಿದ ಮೊಮ್ಮಗಳನ್ನು ಕೂರಿಸಿಕೊಂಡು ಗದ್ದ ಹಿಡಿದು ನೋಡಿ, "ನಿಮ್ಮಮ್ಮನ್ಗ ಬುದ್ಧಿ ಇಲ್ಲ ಕಣೆ" ಅಂದರು. ಅಷ್ಟೇ ಅಂದದ್ದು. ಇಷ್ಟಕ್ಕೆ ಹೆದರಿ ನಾನು ಅಷ್ಟೆಲ್ಲ ಮಾಡಿದೆನಾ ಅಂತ ಇನ್ನೂ ನಾಚಿಕೆಯಾಯಿತು.

ತಮ್ಮನ ಹೆಂಡತಿ ಮಾತ್ರ ಫೋನು ಎತ್ತಿದರೆ ಒಂದೇ ಮಾತು: "ಅವಳ್ಗ ಯಾವಾಗ ಏಳ್ತೀರಿ?" ಅವಳ ಮಗಳ ಕನ್ನಡಕ ಬಂದ ಮೇಲೆ ಒಂದು ಭಾನುವಾರ ನನ್ನ ಮಗಳನ್ನು ಕರೆದುಕೊಂಡು ಹೋದೆ. ಬಸ್ಸು ಬಂಡಳ್ಳಿ ಹತ್ತಿರ ಬರುತ್ತಿದ್ದಂತೆ ಮಗಳು ರೂಢಿಯಂತೆ ಕನ್ನಡಕಕ್ಕೆ ಕೈ ಹಾಕಿದಳು. "ಬೇಡ, ಇರ್ಲಿ" ಅಂದೆ. ನನ್ನ ಮುಖವನ್ನು ಎರಡು ಸಲ ನೋಡಿ ಕೈ ಕೆಳಗಿಳಿಸಿದಳು.

ಜಗುಲಿಯ ಮೇಲೆ ಇಬ್ಬರೂ ಒಬ್ಬರ ಕನ್ನಡಕ ಒಬ್ಬರು ಹಾಕಿಕೊಂಡ ಮೇಲೆ ನಕ್ಕಿದ್ದೇ ನಕ್ಕಿದ್ದು. ನಗು ನಿಂತ ಮೇಲೆ ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತು, ಒಂಬತ್ತು ವರ್ಷದವಳಿಗೆ ಅರ್ಥವಾಗುವ ಹಾಗೆ ಹೇಳಿದೆ. ಅಕ್ಕನಿಗೂ ಎರಡು ವರ್ಷದಿಂದ ನಿನ್ನ ಹಾಗೇ ದೂರದ್ದು ಕಾಣಲ್ಲ. ನಾನು ಅದನ್ನು ಮುಚ್ಚಿಟ್ಟೆ. ಇಲ್ಲಿಗೆ ಬರುವಾಗ ಅವಳ ಕನ್ನಡಕ ತೆಗೆಸುತ್ತಿದ್ದೆ. ಅದನ್ನು ಮುಚ್ಚಲು ನಿನ್ನ ಕಣ್ಣಿಗೂ ಏನಾಗಿಲ್ಲ ಅಂತ ನಿಮ್ಮಮ್ಮನಿಗೆ ಸುಳ್ಳು ಹೇಳಿದೆ. ಅದಕ್ಕೇ ನಿನ್ನ ಗಾಜು ಅವಳದಕ್ಕಿಂತ ದಪ್ಪ. ತಪ್ಪು ನಂದು ಕಣವ್ವ. ಬಾಗಿಲ ಹಿಂದೆ ಅವಳ ತಾಯಿ ನಿಂತು ಕೇಳುತ್ತಿದ್ದಳು.

ಹುಡುಗಿ ಅಳಲಿಲ್ಲ. ದಪ್ಪ ಯಾವುದು ಅಂತ ಎರಡು ಕನ್ನಡಕವನ್ನೂ ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು: "ಅಂಗಾರೆ ಇಲ್ಗ ಬಂದಾಗೆಲ್ಲ ಅಕ್ಕನ್ಗೂ ಕಾಣ್ತಿರ್ಲಿಲ್ವಾ ಅತ್ತೆ?"

"ಇಲ್ಲ ಕಣವ್ವ."

"ನೀವು ಊರ್ಗ ಓಗಾಗ ನಾನು ಹುಣಸೆಮರದ ತಾವ ನಿಂತ್ಕಂಡು ಬಸ್ಗ ಕೈ ಬೀಸ್ತಿದ್ದೆ. ಅಕ್ಕ ಬೀಸ್ತಾವಳೋ ಇಲ್ವೋ ನಂಗ ಕಾಣ್ತಿರ್ಲಿಲ್ಲ. ಬೀಸ್ತಾಳೆ ಅನ್ಕಂಡು ಬಸ್ಸು ಓಗೋಗಂಟ ಬೀಸ್ತಿದ್ದೆ."

"ನೀನು ಅಲ್ಲಿ ನಿಂತಿರ್ತೀಯ ಅಂತಾನೇ ನಂಗೆ ಗೊತ್ತಿರ್ಲಿಲ್ಲ ಕಣೇ" ಅಂದಳು ನನ್ನ ಮಗಳು. ಅಂದವಳು ತಟ್ಟನೆ ನನ್ನ ಕಡೆ ತಿರುಗಿದಳು. "ಅಮ್ಮ, ನೀನು ಪಕ್ಕದಲ್ಲೇ ಕೂತಿರ್ತಿದ್ದೆ. ನಿಂಗೆ ಕಾಣ್ತಿತ್ತಲ್ವಾ?"

ಕಾಣುತ್ತಿತ್ತು. ಪ್ರತಿ ಸಲವೂ ಕಾಣುತ್ತಿತ್ತು, ಹುಣಸೆಮರ, ಹುಡುಗಿ, ಮೇಲೆತ್ತಿದ ಕೈ. ನಾನು ತಿರುಗಿ ಕೈ ಬೀಸಿದರೆ ಮಗಳು "ಯಾರಿಗಮ್ಮ?" ಅಂತ ಕೇಳುತ್ತಾಳೆ, ಬಸ್ಸಿನ ತುಂಬ ಬಂಡಳ್ಳಿಯವರಿದ್ದಾರೆ, ಅವಳಿಗೆ ಕಾಣಲ್ಲ ಅನ್ನುವುದು ಅವರಿಗೆ ಗೊತ್ತಾಗಿಬಿಡುತ್ತೆ ಅಂತ ನಾನು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿರುತ್ತಿದ್ದೆ.

"ಕಾಣ್ತಿತ್ತು" ಅಂದೆ.